ಬೆಟ್ಟಕ್ಕೆ ಬಲಸುತ್ತು ಬಂದ ಹೆಲಿಕಾಪ್ಟರ್

ಟಿಕೆಟ್ ಕೌಂಟರಿನ ಹಿಂದೆ ಕೂತವರಿಗೆ ಸಂಬಳ ಕಮ್ಮಿ, ನಗು ಮಾತ್ರ ಧಾರಾಳ. ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ, ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ನಾನು ಹದಿನಾರು ವರ್ಷ ಬುಕಿಂಗ್ ಕ್ಲಾರ್ಕ್ ಆಗಿದ್ದೆ. ತೊಂಬತ್ತರ ದಶಕವೆಲ್ಲ ತಿರುಪತಿ, ಶಿರಡಿ, ಧರ್ಮಸ್ಥಳ ಎಂದು ಬಸ್ಸಿನ ಸೀಟು ಬರೆದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಸಲ, ನಾಲ್ಕೇ ನಾಲ್ಕು ದಿನ, ಹೆಲಿಕಾಪ್ಟರಿನ ಸೀಟೂ ಬರೆದೆ. ಹದಿನಾರು ವರ್ಷದ ಬಸ್ಸು ಒಂದು ತೂಕವಾದರೆ ಆ ನಾಲ್ಕು ದಿನ ಒಂದು ತೂಕ. ಈಗಲೂ ತಲೆಯ ಮೇಲೆ ಹೆಲಿಕಾಪ್ಟರ್ ಸದ್ದು ಕೇಳಿದರೆ ನಾನು ಮೊದಲು ಮಾಡುವ ಕೆಲಸ, ಕಾಲಲ್ಲಿ ಚಪ್ಪಲಿ ಇದೆಯಾ ಎಂದು ನೋಡಿಕೊಳ್ಳುವುದು. ಅದು ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

ಯೋಚನೆ ಮಾಡಿ ಹೇಳ್ತೀನಮ್ಮ

ಬೆಂಗಳೂರಿನ ಒಂದು ಕಂಪನಿ ನಮ್ಮೂರ ಪಕ್ಕದ ಸತ್ಯಮಂಗಲದ ಕಡೆಯ ಬಯಲಿಗೆ ಹೆಲಿಕಾಪ್ಟರ್ ತರುವುದೆಂದೂ, ಬುಕಿಂಗ್ ನಮ್ಮ ಆಫೀಸಿನಲ್ಲೆಂದೂ ನಿಗದಿಯಾಯಿತು. ನಮ್ಮ ಓನರ್ರು ಆವತ್ತಿನಿಂದ ನಡೆಯುವುದನ್ನೇ ಬದಲಾಯಿಸಿಬಿಟ್ಟರು, ಕತ್ತು ಮೇಲಕ್ಕೆತ್ತಿಯೇ ಓಡಾಟ. ಆಯ್ಕೆಗೆ ಮೂರು ಟೂರು ಇದ್ದವು. 'ಊರ ದರ್ಶನ' ಅಂದರೆ ತುಮಕೂರಿನ ಮೇಲೆ ಒಂದು ಸುತ್ತು. 'ಬೆಟ್ಟ ದರ್ಶನ' ಅಂದರೆ ದೇವರಾಯನದುರ್ಗದ ಬೆಟ್ಟ, ಕಾಡು ಸುತ್ತಿ ಬರುವುದು. 'ಬೆಟ್ಟ-ಕೆರೆ ದರ್ಶನ' ಅಂದರೆ ಬೆಟ್ಟ ಮುಗಿಸಿ ಕುಣಿಗಲ್ ದೊಡ್ಡಕೆರೆಯವರೆಗೂ ಹೋಗಿ ಬರುವುದು. ಈ ಪಟ್ಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟು ಕೂತೆ.

ಮೊದಲು ಬಂದವರು ಗುಬ್ಬಿಯ ಒಬ್ಬ ರಿಟೈರ್ಡ್ ಭೂಗೋಳದ ಮೇಷ್ಟ್ರು. ಇವರು ಪ್ರತಿ ಬೇಸಿಗೆಯಲ್ಲೂ ಟೂರು ಆರಿಸಲು ಬರುತ್ತಿದ್ದರು. ಒಂದು ವಾರ ದಿನಾ ಬಂದು ವಿಚಾರಿಸುವುದು, ಡೈರಿಯಲ್ಲಿ ಬರೆದುಕೊಳ್ಳುವುದು, ಕೊನೆಗೆ "ಯೋಚನೆ ಮಾಡಿ ಹೇಳ್ತೀನಮ್ಮ" ಎಂದು ಎದ್ದು ಹೋಗುವುದು. ಒಂದು ವರ್ಷ ಜೋಗದ ಬಸ್ಸಿಗೆ ಬಂದು, "ಜಲಪಾತ ಬಸ್ಸಿನ ಎಡಕ್ಕೆ ಕಾಣುತ್ತೋ ಬಲಕ್ಕೆ ಕಾಣುತ್ತೋ?" ಎಂದು ಮೂರು ದಿನ ಕೇಳಿದ್ದರು. "ಬಸ್ಸಿಂದ ಇಳಿದು ನೋಡೋದು ಸಾರ್" ಎಂದರೆ, "ಇಳೀಬೇಕಾ?" ಎಂದು ಹೊರಟೇಬಿಟ್ಟಿದ್ದರು.

ಈಗಲೂ ಅದೇ ಪ್ರಶ್ನೆ. "ಬೆಟ್ಟ ಯಾವ ಕಡೆ ಕಾಣುತ್ತಮ್ಮ?"

ಈ ಸಲ ಪ್ರಶ್ನೆಯಲ್ಲಿ ಹುರುಳಿತ್ತು. ಕಂಪನಿಗೆ ಫೋನ್ ಮಾಡಿ ಕೇಳಿದೆ. ಬೆಟ್ಟವನ್ನು ಎಡಕ್ಕೆ ಹಾಕಿಕೊಂಡು ಸುತ್ತಿದರೆ ಎಡಗಡೆ ಕೂತವರಿಗೆ ಮಾತ್ರ ಚೆನ್ನಾಗಿ ಕಾಣುತ್ತದಂತೆ, ಬಲಗಡೆಯವರು ಜಗಳಕ್ಕೆ ಬರುತ್ತಾರಂತೆ. ಅದಕ್ಕೆ ಪೈಲಟ್ಟು ಒಂದು ಟ್ರಿಪ್ಪು ಎಡಸುತ್ತು, ಮುಂದಿನದು ಬಲಸುತ್ತು, ಹೀಗೆ ಸರದಿ ಮೇಲೆ ಹೋಗುತ್ತಾನಂತೆ. ಮೇಷ್ಟ್ರು ಎಲ್ಲವನ್ನೂ ನಕ್ಷೆ ಸಮೇತ ಡೈರಿಗೆ ಇಳಿಸಿ, ಕನ್ನಡಕ ಒರೆಸಿಕೊಂಡು ಹೇಳಿದರು: "ಹದಿಮೂರು ವರ್ಷದಲ್ಲಿ ನೀವು ಮೊದಲನೇ ಸಲ ಸರಿಯಾದ ಮಾಹಿತಿ ಕೊಟ್ರಿ. ಯೋಚನೆ ಮಾಡಿ ಹೇಳ್ತೀನಮ್ಮ."

ಬಾಕಿ ಹರಕೆ

ಆ ಎಡ-ಬಲದ ಮಾಹಿತಿ ನಮ್ಮ ಮನೆಗೇ ಬೇಕಾದೀತೆಂದು ನಾನು ಎಣಿಸಿರಲಿಲ್ಲ.

ನಮ್ಮ ಅತ್ತೆಮ್ಮ ಗುಬ್ಬಿ ಕಡೆಯ ಹಳ್ಳಿಯವರು, ಇರುವುದು ನಮ್ಮ ಜೊತೆ. ನನ್ನ ಮಗಳು ಹುಟ್ಟಿದಾಗ ಕಾಮಾಲೆಯಾಗಿ ನಾಲ್ಕು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಆಗ ಅತ್ತೆಮ್ಮ, ಕೂಸು ಉಳಿದರೆ ಬರಿಗಾಲಲ್ಲಿ ನಡೆದು ದೇವರಾಯನದುರ್ಗದ ಬೆಟ್ಟ ಹತ್ತುತ್ತೇನೆಂದು ನರಸಿಂಹಸ್ವಾಮಿಗೆ ಹರಸಿಕೊಂಡರು. ಕೂಸು ಉಳಿದು, ಬೆಳೆದು, ನಾಲ್ಕನೇ ಕ್ಲಾಸಿಗೆ ಬಂದು ಅಜ್ಜಿಗೇ ಎದುರು ಮಾತಾಡುವಷ್ಟಾಯಿತು. ಅಷ್ಟರಲ್ಲಿ ಅತ್ತೆಮ್ಮನ ಮಂಡಿ ಕೈಕೊಟ್ಟಿತು. ಮಟ್ಟಸದಲ್ಲಿ ನಡೆಯಿರಿ, ಮೆಟ್ಟಿಲು ಮಾತ್ರ ಹತ್ತಕೂಡದು ಎಂದು ಡಾಕ್ಟರು ಹೇಳಿಬಿಟ್ಟರು.

ಅಂದಿನಿಂದ ಮನೆಯಲ್ಲಿ ಏನೇ ಆಗಲಿ, ಕಾರಣ ಒಂದೇ. ಹಾಲು ಉಕ್ಕಿತೇ? "ಹರಕೆ ಬಾಕಿ ಐತಲ್ಲ." ಮಿಕ್ಸಿ ಸುಟ್ಟಿತೇ? "ಹರಕೆ ಬಾಕಿ ಐತಲ್ಲ." ಒಮ್ಮೆ ಇಡೀ ಬೀದಿಗೆ ಕರೆಂಟು ಹೋದಾಗ ಅಕ್ಕಪಕ್ಕದವರೆದುರು ಅತ್ತೆಮ್ಮ ತಪ್ಪಿತಸ್ಥರಂತೆ ನಿಂತಿದ್ದರು. ನಗು ಬರುತ್ತಿತ್ತು, ನಿಜ. ಆದರೆ ಮಗಳಿಗೆ ಸಣ್ಣ ಜ್ವರ ಬಂದರೂ ಅವರು ರಾತ್ರಿಯೆಲ್ಲ ಮಲಗದೆ ಕೂರುತ್ತಿದ್ದುದನ್ನು ನೋಡಿದರೆ ನಗು ಅಲ್ಲೇ ನಿಲ್ಲುತ್ತಿತ್ತು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆಂದರೆ, "ಕಾರಲ್ಲಿ ಹೋದ್ರೆ ಅದು ಟ್ರಿಪ್ಪು ಕಣವ್ವ, ಹರಕೆ ಅಲ್ಲ" ಎನ್ನುತ್ತಿದ್ದರು.

ನಾನು ಹೆಲಿಕಾಪ್ಟರಿನ ಸುದ್ದಿ ಹೇಳಿದೆ. ಅತ್ತೆಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಗರುಡ ದೇವ್ರೂ ಹಾರ್ಕಂಡೇ ತಾನೆ ಸ್ವಾಮಿ ತಾವ ಹೋಗೋದು?"

"ಹೌದು ಅತ್ತೆಮ್ಮ."

"ಹಂಗಾದ್ರೆ ನಾನು ಹಾರುದ್ರೆ ಏನಂತೆ?"

ಆದರೂ ಒಂದು ಮಾತು ಕೇಳೋಣವೆಂದು ನಮ್ಮ ಬೀದಿಯ ಗುಡಿಯ ಅರ್ಚಕರ ಹತ್ತಿರ ಹೋದೆವು. ಅವರು ಕಣ್ಣು ಮುಚ್ಚಿ ಯೋಚಿಸಿದರು. "ಶಾಸ್ತ್ರದಲ್ಲಿ ಹೆಲಿಕಾಪ್ಟರ್ ಹತ್ತಿ ಅಂತ ಎಲ್ಲೂ ಹೇಳಿಲ್ಲ. ಹತ್ತಬೇಡಿ ಅಂತಲೂ ಹೇಳಿಲ್ಲ. ಬೆಟ್ಟಕ್ಕೆ ಪೂರ್ತಿ ಒಂದು ಪ್ರದಕ್ಷಿಣೆ ಬಂದ್ರೆ ಹತ್ತಿದ ಹಾಗೇ. ಆದ್ರೆ ಬಲಕ್ಕೇ ಸುತ್ತಬೇಕು. ಎಡಕ್ಕೆ ಸುತ್ತಿದರೆ ಅದು ಅಪ್ರದಕ್ಷಿಣೆ, ಇರೋ ಪುಣ್ಯವೂ ಹೋದೀತು."

ಸರಿ, ಆಯ್ಕೆ ಆಗಿಹೋಯಿತು. ಬೆಟ್ಟ ದರ್ಶನ, ಬಲಸುತ್ತಿನ ಟ್ರಿಪ್ಪು. ಶನಿವಾರ ಸ್ವಾಮಿಯ ವಾರ, ಆವತ್ತಿನ ನಾಲ್ಕನೇ ಟ್ರಿಪ್ಪು ಬಲಸುತ್ತು. ಅತ್ತೆಮ್ಮನಿಗೊಂದು, ಜೊತೆಗೆ ನನಗೊಂದು ಸೀಟು ಬರೆದೆ. ಊರಿಗೆಲ್ಲ ಸೀಟು ಬರೆದವಳು ನನ್ನ ಹೆಸರು ಬರೆದುಕೊಂಡಿದ್ದು ಅದೇ ಮೊದಲು.

ಬರುವಾಗ ಅತ್ತೆಮ್ಮನಿಗೆ ಇನ್ನೊಂದು ಅನುಮಾನ ಶುರುವಾಯಿತು. "ಹತ್ತೋದು ಹೆಲಿಕಾಪ್ಟರ್ ನೋಡ್ಕಂತದೆ ಬುಡು. ಬರಿಗಾಲಲ್ಲಿ ನಡೀತೀನಿ ಅಂದಿದ್ನಲ್ಲ, ಅದ್ಕೇನ್ ಮಾಡಾನ?"

"ಚಪ್ಪಲಿ ಬಿಟ್ಟು ಕೂತ್ಕೊಳ್ಳಿ ಅತ್ತೆಮ್ಮ."

"ಕುಂತಿದ್ರೆ ನಡೆದಂಗೆ ಆಯ್ತದಾ?" ಎಂದರು. ವಾಪಸ್ಸು ಹೋಗಿ ಅರ್ಚಕರನ್ನು ಕೇಳುವ ಧೈರ್ಯ ನನಗಿರಲಿಲ್ಲ.

ನಿಂಬೆಹಣ್ಣು

ಮೊದಲ ದಿನ ಹೆಲಿಕಾಪ್ಟರಿಗೆ ಪೂಜೆ, ನನ್ನ ಮೇಜೂ ಆವತ್ತೇ ಬಯಲಿಗೆ ಬಂತು. ಓನರ್ರು ಯಾವ ಹೊಸ ಬಸ್ಸು ತಂದರೂ ಬೂದುಗುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸದೆ ಬೀದಿಗೆ ಬಿಟ್ಟವರಲ್ಲ. ಪೂಜಾರಪ್ಪ ಕುಂಕುಮ ಇಟ್ಟು, ಹೂವಿನ ಹಾರ ಹಾಕಲು ಜಾಗ ಸಿಗದೆ ಬಾಲಕ್ಕೆ ಸುತ್ತಿದರು. ಕಂಪನಿಯವರು ಓಡಿ ಬಂದು ತೆಗೆದರು. ಆಮೇಲೆ ನಾಲ್ಕು ನಿಂಬೆಹಣ್ಣು ಹಿಡಿದು ಒಂದು ಸುತ್ತು ಬಂದು ನಿಂತುಬಿಟ್ಟರು.

"ಸ್ವಾಮೀ, ಇದ್ರ ಚಕ್ರ ಎಲ್ಲಿ?"

ಚಕ್ರವೇ ಇರಲಿಲ್ಲ. ಕೆಳಗೆ ಎರಡು ಉದ್ದನೆಯ ಕಂಬಿ, ಅಷ್ಟೇ. ಕೊನೆಗೆ ಕಂಬಿಗಳ ಮುಂದೆ ಎರಡೆರಡು ಇಟ್ಟರು. ಹೆಲಿಕಾಪ್ಟರ್ ಮುಂದಕ್ಕೆ ಹೋದರೆ ತಾನೆ ಹಣ್ಣು ಜಜ್ಜುವುದು? ಅದು ನೆಟ್ಟಗೆ ಮೇಲಕ್ಕೆ ಹೋಯಿತು. ನಿಂಬೆಹಣ್ಣು ಗಾಳಿಗೆ ಉರುಳಿಕೊಂಡು ಓನರ್ರ ಕಾಲ ಬುಡಕ್ಕೇ ಬಂದವು. ನೆರೆದವರ ಮುಖ ಬಾಡಿತು, ಅಪಶಕುನ ಎಂದು ಗುಸುಗುಸು ಎದ್ದಿತು. ಓನರ್ರು ಸೋಲೊಪ್ಪುವ ಗಿರಾಕಿಯಲ್ಲ. ಕೂಡಲೇ ನಾಲ್ಕೂ ಹಣ್ಣನ್ನು ಆಯ್ದು, ಒಂದೊಂದಾಗಿ ತಮ್ಮ ಹೊಸ ಬೂಟುಗಾಲಲ್ಲೇ ತುಳಿದು ಜಜ್ಜಿ, "ಓನರ್ ತುಳಿದ್ರೂ ಒಂದೇ, ಗಾಡಿ ತುಳಿದ್ರೂ ಒಂದೇ!" ಎಂದು ಸಾರಿದರು. ಜನ ಚಪ್ಪಾಳೆ ತಟ್ಟಿದರು. ಗಾಡಿ ಬೆಂಗಳೂರಿನ ಕಂಪನಿಯದು ಅನ್ನುವುದನ್ನು ಯಾರೂ ಎತ್ತಲಿಲ್ಲ.

ಬದು

ಸಿ.ಎಸ್. ಪುರದ ಕಡೆಯ ತೆಂಗಿನ ತೋಟದ ರೈತರೊಬ್ಬರು ಬಂದು ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು: "ಅಕ್ಕ, ಇದ್ರಾಗೆ ನಮ್ಮ ತೋಟದ ಮ್ಯಾಲೆ ಹೋಗೋದು ಯಾವುದು?"

"ತೋಟದ ಮೇಲೆ ಯಾವುದೂ ಹೋಗಲ್ಲಣ್ಣ. ಬೆಟ್ಟ ನೋಡೋಕೆ ಇರೋದು."

"ಬೆಟ್ಟ ಕೆಳಗಿಂದ್ಲೂ ಕಾಣ್ತದೆ ಕಣಕ್ಕ. ನಮ್ ಬದು ಮ್ಯಾಲಿಂದ್ಲೇ ಕಾಣ್ಬೇಕು. ನಮ್ ದೊಡ್ಡಪ್ಪನ ಮಗ ಬದು ಒತ್ತವ್ನೆ. ಸರ್ವೆಯೋರು ಬಂದ್ರೆ ಅವ್ರಿಗೆ ಎಳನೀರು ಕುಡಿಸಿ ಕಳಿಸ್ತಾನೆ. ಮ್ಯಾಲಿಂದ ನೋಡುದ್ರೆ ಗೆರೆ ಎಳ್ದಂಗೆ ಕಾಣ್ತದಲ್ಲ?"

ಕುಣಿಗಲ್ ಕೆರೆಯ ಟೂರು ಇದ್ದುದರಲ್ಲಿ ಹತ್ತಿರವೆಂದು ಅದನ್ನೇ ಆರಿಸಿದರು. ಮಾರನೆಯ ದಿನ ನೋಡಿದರೆ ಅದೇ ದೊಡ್ಡಪ್ಪನ ಮಗನನ್ನೂ ಸಾಕ್ಷಿಗೆ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಿದ್ದರು. ಇಬ್ಬರೂ ವಾಪಸ್ಸು ಬಂದು ನನ್ನೆದುರು ನಿಂತರು.

"ಕಂಡಿತಾಣ್ಣ?"

"ದೂರದಲ್ಲಿ ಕಂಡ್ತು ಅಕ್ಕ. ಅಷ್ಟು ಎತ್ತರದಿಂದ ಬದು ಗಿದು ಏನೂ ಕಾಣಕ್ಕಿಲ್ಲ. ಎಲ್ಲ ಒಂದೇ ತೋಟ ಕಂಡಂಗೆ ಕಾಣ್ತದೆ."

ನನಗೆ ಕಣ್ಣು ತುಂಬಿ ಬಂದಂತಾಯಿತು. ಒಂದು ಹೆಲಿಕಾಪ್ಟರ್ ಎರಡು ಮನೆ ಒಂದು ಮಾಡಿತಲ್ಲ ಎಂದುಕೊಳ್ಳುವಷ್ಟರಲ್ಲಿ ದೊಡ್ಡಪ್ಪನ ಮಗ ಬಾಯಿ ತೆಗೆದರು. "ಅದ್ನೇ ಅಲ್ವೇನ್ಲಾ ನಾನೂ ಮೊದ್ಲಿಂದ ಬಡ್ಕೊಂತಿರೋದು? ಎಲ್ಲ ಒಂದೇ ತೋಟ. ನಂದು!"

ಸರಿ ತೂಕ

ಹೆಲಿಕಾಪ್ಟರ್ ಹತ್ತುವ ಮೊದಲು ಎಲ್ಲರನ್ನೂ ತೂಗಬೇಕೆಂದು ಕಂಪನಿಯ ಆಜ್ಞೆ. ತೂಕ ಹೆಚ್ಚಾದರೆ ಏಳುವುದಿಲ್ಲವಂತೆ. ಓನರ್ರು ಕೊಬ್ಬರಿ ಮಂಡಿಯಿಂದ ಒಂದು ತಕ್ಕಡಿಯನ್ನೇ ತರಿಸಿದರು, ಮೂಟೆ ಇಡುವ ಹಲಗೆಯದು. ಹೆಂಗಸರು ಅದರ ಮೇಲೆ ನಿಲ್ಲಲು ನಾಚಿದರು, ನಿಂತ ಮೇಲೆ ಮುಳ್ಳು ನೋಡಿ ಇನ್ನೂ ನಾಚಿದರು.

ಗುಬ್ಬಿಯ ಒಬ್ಬ ಕೊಬ್ಬರಿ ವ್ಯಾಪಾರಿ ಹೆಂಡತಿ ಸಮೇತ ಬಂದರು. ಒಳ್ಳೆ ಭಾರಿ ಆಳು. ಹಲಗೆ ಮೇಲೆ ನಿಂತು, ಮುಳ್ಳು ನಿಲ್ಲುವ ಮೊದಲೇ ಅಭ್ಯಾಸಬಲದಿಂದ ಕೂಗಿದರು: "ಚೀಲದ ತೂಕ ಕಳೀರಿ!"

"ಯಾವ ಚೀಲ ಸಾರ್?"

"ಪಂಚೆ, ಜುಬ್ಬ, ಬೆಲ್ಟು. ಹಸಿ ಅಂಶಕ್ಕೆ ಒಂದೆರಡು ಕೆಜಿ ಬಿಡಿ, ಈಗ ತಾನೆ ಕಬ್ಬಿನಹಾಲು ಕುಡಿದಿದೀನಿ."

ಕಂಪನಿಯವನು ಒಂದು ಗ್ರಾಮೂ ಬಿಡಲಿಲ್ಲ. ಲೆಕ್ಕದಲ್ಲಿ ಅವರೊಬ್ಬರೇ ಎರಡು ಸೀಟಿಗೆ ಸಮ, ಆ ಟ್ರಿಪ್ಪಿನಲ್ಲಿ ಉಳಿದಿದ್ದೇ ಎರಡು ಸೀಟು, ಗಂಡಹೆಂಡತಿ ಒಂದೇ ಟ್ರಿಪ್ಪಿನಲ್ಲಿ ಹೋಗುವಂತಿಲ್ಲ. ಅವರನ್ನು ಶನಿವಾರದ ನಮ್ಮ ಟ್ರಿಪ್ಪಿಗೆ ಹಾಕಿದೆ. ಹೆಂಡತಿ ಆವತ್ತೇ ಕಿಟಕಿ ಪಕ್ಕ ಕೂತು ಹೋಗಿಬಂದು, ಹಲಗೆಯನ್ನು ಕೈಯಿಂದ ತಟ್ಟಿ ನನಗೆ ಹೇಳಿದರು: "ಮೂವತ್ತು ವರ್ಷದಲ್ಲಿ ನಮ್ಮನೆಯೋರ ಎದುರು ಸರಿ ತೂಕ ತೋರಿಸಿದ ತಕ್ಕಡಿ ಇದೊಂದೇ ಕಣಮ್ಮ."

ಬರಿಗಾಲು

ಶನಿವಾರ ಬಂತು. ಅತ್ತೆಮ್ಮ ತಲೆಗೆ ನೀರು ಹಾಕಿಕೊಂಡು, ಹಸಿರು ರೇಷ್ಮೆ ಸೀರೆ ಉಟ್ಟು, ಮಗಳ ಕೆನ್ನೆ ಸವರಿ ದೃಷ್ಟಿ ತೆಗೆದು ಹೊರಟರು. ಬಯಲಿಗೆ ಬಂದರೆ, ಆಶ್ಚರ್ಯ, ಗುಬ್ಬಿಯ ಮೇಷ್ಟ್ರು ನಿಂತಿದ್ದಾರೆ! ಯೋಚನೆ ಮುಗಿದಿತ್ತು. ಬಲಸುತ್ತು, ಬಲಗಡೆ ಸೀಟು ಎಂದು ಡೈರಿ ತೋರಿಸಿದರು. ಹೀಗೆ ಐದು ಜನ: ಪೈಲಟ್ ಪಕ್ಕ ನಮ್ಮ ಓನರ್ರು, ಹಿಂದೆ ಅತ್ತೆಮ್ಮ, ನಾನು, ಮೇಷ್ಟ್ರು, ಕೊಬ್ಬರಿ ವ್ಯಾಪಾರಿ.

ಹೆಲಿಕಾಪ್ಟರಿನ ಸುತ್ತ ಸುಣ್ಣದಲ್ಲಿ ಒಂದು ದೊಡ್ಡ ವೃತ್ತ ಬರೆದಿದ್ದರು. ಅಲ್ಲಿ ಕೆಂಪು ಜಾಕೆಟ್ಟಿನ ಕಂಪನಿಯವನು ನಿಂತು ತಪಾಸಣೆ ಮಾಡುತ್ತಿದ್ದ. ಅತ್ತೆಮ್ಮನ ಮಡಿಲು ಉಬ್ಬಿದ್ದು ಅವನ ಕಣ್ಣಿಗೆ ಬಿತ್ತು. ತೆಗೆಸಿದರೆ ಒಂದು ತೆಂಗಿನಕಾಯಿ.

"ಇದು ಯಾಕಮ್ಮ?"

"ಹರಕೆ ಕಾಯಿ ಕಣಪ್ಪ. ಬೆಟ್ಟದ ಮ್ಯಾಲೆ ಹೋದಾಗ ಬಾಗ್ಲು ವಸಿ ತಗೀರಿ, ಹಂಗೇ ಬುಡ್ತೀನಿ. ಬಂಡೆಗೆ ಬಿದ್ರೆ ತಾನೇ ಒಡೀತದೆ."

ಅವನ ಮುಖ ಬಿಳಿಚಿತು. ಕಾಯಿ ಕಿತ್ತುಕೊಳ್ಳಲು ಅವನು, ಬಿಡದೆ ಅತ್ತೆಮ್ಮ, ನಡುವೆ ನಾನು. ಇಳಿದ ಮೇಲೆ ಇಲ್ಲೇ ಒಡೆಯೋಣ ಎಂದು ಒಪ್ಪಿಸುವಷ್ಟರಲ್ಲಿ ಐದು ನಿಮಿಷವಾಯಿತು. ಅತ್ತೆಮ್ಮ ಸುಣ್ಣದ ಗೆರೆಯ ಹತ್ತಿರ ಚಪ್ಪಲಿ ಬಿಟ್ಟು, ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೆಜ್ಜೆಯಿಟ್ಟರು. ಅದನ್ನು ನೋಡಿದ ವ್ಯಾಪಾರಿ, "ಹೌದಲ್ವಾ, ದೇವರ ತಲೆ ಮೇಲೆ ಚಪ್ಪಲಿಗಾಲಲ್ಲಿ ಹೋಗೋದಾ!" ಎಂದು ತಾವೂ ಬಿಟ್ಟರು. ಮೇಷ್ಟ್ರು ಬಿಟ್ಟರು. ನಾನು ಬಿಟ್ಟೆ. ಓನರ್ರು ತಮ್ಮ ಹೊಸ ಬೂಟು ಬಿಚ್ಚಿ ಒಳಗೆ ಕಾಲುಚೀಲ ತುರುಕಿಟ್ಟರು. ಮುಂದಿನ ಟ್ರಿಪ್ಪಿಗೆ ಕಾದವರು, ನೋಡಲು ಬಂದವರು, ಎಲ್ಲರೂ ಗುಡಿಯ ಹೊಸಿಲಿನೆದುರು ಬಿಟ್ಟ ಹಾಗೆ ಚಪ್ಪಲಿಗಳನ್ನು ಗೆರೆಯುದ್ದಕ್ಕೂ ಜೋಡಿಸಿಟ್ಟು ಕೈಮುಗಿದು ಹಿಂದೆ ನಿಂತರು. ಕೆಂಪು ಜಾಕೆಟ್ಟಿನವನು ಕಾಯಿಯನ್ನು ಬಚ್ಚಿಡಲು ಜೀಪಿನ ಕಡೆ ಹೋಗಿದ್ದ. ಅವನಿದ್ದಿದ್ದರೆ ತಡೆಯುತ್ತಿದ್ದನೋ ಏನೋ.

ರೆಕ್ಕೆ ತಿರುಗಿತು, ಕಿವಿ ಗಡಚಿಕ್ಕಿತು, ನೆಲ ಜಾರಿತು. ಮೇಷ್ಟ್ರು ಕಿಟಕಿಗೆ ಮೂಗೊತ್ತಿ ಕೂಗಿದರು: "ಕೆಳಗೆ ನೋಡಿ, ಎಷ್ಟೊಂದು ಕಾಗೆ ಎದ್ದವು!" ನಿಜ, ಕಪ್ಪಗೆ ಒಂದು ಹಿಂಡು ನಾಲ್ಕೂ ದಿಕ್ಕಿಗೆ ಹಾರುತ್ತಿತ್ತು. ನಾವು ಅತ್ತ ಗಮನ ಕೊಡಲಿಲ್ಲ.

ಬೆಟ್ಟ ಹತ್ತಿರವಾಯಿತು. ಅಷ್ಟು ದೊಡ್ಡ ಬೆಟ್ಟ ಕಣದಲ್ಲಿ ರಾಶಿ ಹಾಕಿದ ರಾಗಿಯ ಹಾಗೆ ಕೂತಿತ್ತು. ಅತ್ತೆಮ್ಮ ನನ್ನ ಕೈ ಹಿಡಿದರು. ಹೆಲಿಕಾಪ್ಟರ್ ವಾಲಿತು, ವಾಲಿದ್ದು ಎಡಕ್ಕೆ! ಆಮೇಲೆ ಹೊಳೆಯಿತು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಎರಡನೇ ಟ್ರಿಪ್ಪಿನ ಕುಣಿಗಲ್ಲಿನ ಕುಟುಂಬ ಪಂಚಾಂಗ ನೋಡಿ ಹಿಂದೆ ಸರಿದು ಆ ಟ್ರಿಪ್ಪೇ ರದ್ದಾಗಿತ್ತು. ಪೈಲಟ್ಟಿನ ಎಣಿಕೆಯಲ್ಲಿ ನಮ್ಮದು ನಾಲ್ಕನೆಯದಲ್ಲ, ಮೂರನೆಯದು. ಎಡಸುತ್ತು.

ಅತ್ತೆಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ರೆಪ್ಪೆಯಂಚಿನಲ್ಲಿ ನೀರು ಇಳಿಯುತ್ತಿತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ, ಓನರ್ರ ಭುಜ ಹಿಡಿದು ಅಲ್ಲಾಡಿಸಿ ಬಲಕ್ಕೆ ಕೈ ತಿರುಗಿಸಿದೆ. ವ್ಯಾಪಾರಿಯೂ ತಿರುಗಿಸಿದರು, ಮೇಷ್ಟ್ರು ಡೈರಿಯನ್ನೇ ತಿರುಗಿಸಿದರು. ಓನರ್ರು ಪೈಲಟ್ಟಿನ ಮುಂದೆ ಬೆರಳಿನಿಂದ ಮಂಗಳಾರತಿ ಎತ್ತಿ, ಬೆಟ್ಟ ತೋರಿಸಿ, ಕೈಮುಗಿದರು. ಆ ಪುಣ್ಯಾತ್ಮ ಹಿಂದೆ ತಿರುಗಿ ಅತ್ತೆಮ್ಮನ ಮುಖ ನೋಡಿದ. ಏನನ್ನಿಸಿತೋ, ತಾನೂ ಹಣೆ ಮುಟ್ಟಿಕೊಂಡು ಹೆಲಿಕಾಪ್ಟರ್ ತಿರುಗಿಸಿದ.

"ಅತ್ತೆಮ್ಮ, ಕಣ್ಣು ಬಿಡಿ, ಬಲಕ್ಕೆ ಹೋಗ್ತಿದೆ!" ಎಂದು ಕಿವಿಯಲ್ಲಿ ಕೂಗಿದೆ.

"ಇಲ್ಲ ಕಣೇ. ಅರ್ಧ ಎಡಕ್ಕೆ ಬಂದೀವಿ. ಅದು ಬಿಚ್ಕಳ್ಳಾಕೆ ಅರ್ಧ ಆಗ್ಲಿ, ಆಮ್ಯಾಲೆ ಬುಡ್ತೀನಿ" ಎಂದು ಅವರೂ ಕೂಗಿದರು.

ಸುತ್ತಿದ ದಾರ ಬಿಚ್ಚುವ ಹಾಗೆ ಅರ್ಧ ಸುತ್ತು ಬಿಚ್ಚಿಕೊಂಡಿತು. ಆಮೇಲೆ ಒಂದು ಪೂರ್ತಿ ಬಲಸುತ್ತು. ಅತ್ತೆಮ್ಮ ಕಣ್ಣು ಬಿಟ್ಟು ಕೆಳಗೆ ಬೆರಳು ತೋರಿಸಿದರು. "ಅಕೋ ಮೆಟ್ಲು! ಮದ್ವೆ ಆದ ವರ್ಷ ನಿಮ್ಮಾವ ನಾನೂ ಹತ್ತಿದ್ವಿ." ಅವರು ನಗುತ್ತಿದ್ದರು, ಅಳುತ್ತಿದ್ದವಳು ನಾನು.

ಇಳಿದರೆ ಬಯಲಿನಲ್ಲಿ ಜಾತ್ರೆ ಚೆದುರಿದ ಹಾಗೆ ಜನ. ಒಬ್ಬರು ಬೇಲಿಯಲ್ಲಿ, ಒಬ್ಬರು ಪಕ್ಕದ ರಾಗಿ ಹೊಲದಲ್ಲಿ, ಮೂವರು ಜಾಲಿ ಮರದ ಕೆಳಗೆ ಮೇಲಕ್ಕೆ ನೋಡುತ್ತ. ಆಗ ಅರ್ಥವಾಯಿತು, ಎದ್ದದ್ದು ಕಾಗೆಗಳಲ್ಲ, ರೆಕ್ಕೆಯ ಗಾಳಿಗೆ ಹಾರಿದ ಚಪ್ಪಲಿಗಳು. ಹೋಗುವಾಗ ಹಾರಿದ್ದನ್ನು ಅವರು ಹುಡುಕಿ ತಂದು ಮತ್ತೆ ಗೆರೆಯ ಹತ್ತಿರವೇ ಗುಡ್ಡೆ ಹಾಕಿದ್ದರಂತೆ. ನಾವು ಇಳಿದ ರಭಸಕ್ಕೆ ಅದೂ ಹಾರಿತು. ಓನರ್ರಿಗೆ ಒಂದು ಬೂಟು ಸಿಕ್ಕಿತು. ನಮಗೆ ಏನೂ ಸಿಗಲಿಲ್ಲ. ಅತ್ತೆಮ್ಮ ಮಾತ್ರ ನೆಮ್ಮದಿಯಾಗಿ ಜೀಪಿನಿಂದ ಕಾಯಿ ಇಸಿದುಕೊಂಡು, ಬೆಟ್ಟದ ಕಡೆ ಮುಖ ಮಾಡಿ, ಒಂದೇ ಏಟಿಗೆ ಎರಡು ಹೋಳು ಮಾಡಿದರು.

ಬಸ್ಸು ಹಿಡಿಯಲು ರಸ್ತೆವರೆಗೂ ಮಟ್ಟಸ ಕಾಲುದಾರಿ. ಮುಂದೆ ಹೋಳುಗಾಯಿ ಹಿಡಿದ ಅತ್ತೆಮ್ಮ, ಹಿಂದೆ ನಾನು, ಮೇಷ್ಟ್ರು, "ಅಯ್ಯೋ ಮುಳ್ಳು" ಎನ್ನುತ್ತ ವ್ಯಾಪಾರಿ, ಒಂದು ಬೂಟು ಕಂಕುಳಲ್ಲಿಟ್ಟ ಓನರ್ರು, ಅವರ ಹಿಂದೆ ಇಪ್ಪತ್ತು ಮೂವತ್ತು ಜನ. ಎಲ್ಲರದೂ ಬರಿಗಾಲು. ರಸ್ತೆ ಬದಿಯ ಟೀ ಅಂಗಡಿಯಾಕೆ ಸೌಟು ಬಿಟ್ಟು ಎದ್ದು ಬಂದು ಕೈಮುಗಿದಳು.

"ಎಲ್ಲಿಗವ್ವ ಪಾದಯಾತ್ರೆ, ಇಷ್ಟೊಂದ್ ಜನ ಹೊಂಟಿದೀರಿ?"

ಅತ್ತೆಮ್ಮ ನಿಂತು, ಹಿಂದೆ ತಿರುಗಿ, ಕುಂಟುತ್ತಿದ್ದ ಆ ಸಾಲನ್ನೆಲ್ಲ ಒಮ್ಮೆ ನೋಡಿದರು. ಒಂಬತ್ತು ವರ್ಷದಲ್ಲಿ ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ಕಂಡಿರಲಿಲ್ಲ.

"ಬೆಟ್ಟ ಸುತ್ತಿ ಬಂದಾಯ್ತು ಕಣವ್ವ. ಬರಿಗಾಲಲ್ಲಿ ನಡೆಯೋದೊಂದು ಬಾಕಿ ಇತ್ತು. ಹರಕೆ ನಂದೊಬ್ಳದೇ, ಒಬ್ಳೇ ನಡೆದ್ರೆ ಬ್ಯಾಸ್ರ ಆಯ್ತದೆ ಅಂತ ಸ್ವಾಮಿ ಇವ್ರನ್ನೂ ಜೊತೆಗೆ ಕಳ್ಸವ್ನೆ."